ಗೌರಿಗೆ ಏರಿಸಿದ ಮುಳ್ಳುಹೂ

ಅಕ್ಕನ ಅಂಗೈ ಸವರಿದರೆ ಮುರಿದು ಉಳಿದ ಮುಳ್ಳುಗಳು ತಾಗುತ್ತಿದ್ದವು. ಸ್ಯಾನ್ ಡಿಯಾಗೊದ ಲಾ ಹೋಯಾದಲ್ಲಿ ಸಮುದ್ರದ ನೀರು ಪರೀಕ್ಷಿಸುವ ಕೆಲಸ ಅವಳದು. ಉಳಿದ ಹೊತ್ತೆಲ್ಲ ಮನೆಯ ಹಿಂದಿನ ಗುಡ್ಡದಲ್ಲಿ. ಅಲ್ಲಿ ಹಬ್ಬಿದ್ದ ಸ್ಟಾರ್ ಥಿಸಲ್ ಎಂಬ ಮುಳ್ಳುಗಿಡವನ್ನು ಹೂ ಬಿಡುವ ಮೊದಲೇ ಬುಡಸಮೇತ ಕೀಳುತ್ತ ಹೋಗಿ, ಕೊನೆಗೆ ಒಂದೂ ಇಲ್ಲದಂತೆ ಮಾಡಿದ್ದಳು. ಈ ನೆಲದ ಗಿಡಗಳು ಮತ್ತೆ ಎದ್ದವು, ಲಾವಕ್ಕಿಗಳು ಮರಿ ಕರೆದುಕೊಂಡು ಬಂದವು.

ಎಸ್ಸೆಸ್ಸೆಲ್ಸಿ ಫೇಲಾದ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವಳೂ ಅವಳೇ. ನಾನು ಅಲ್ಲಿಂದ ಮೂರು ಗಂಟೆ ದಾರಿಯ ಚಾಟ್ಸ್‌ವರ್ತ್‌ನಲ್ಲಿ ಕಪಾಟು ಮಾಡುವ ಕಾರ್ಖಾನೆಯಲ್ಲಿ ಮರ ಕೊಯ್ಯುತ್ತೇನೆ. ಪ್ರತಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹಿಡಿದು ಸ್ಯಾನ್ ಡಿಯಾಗೊಗೆ ಹೋಗುತ್ತಿದ್ದೆ.

ಕೊರೊನಾ ಇನ್ನೂ ಮುಗಿಯದ ವರ್ಷ ಅವಳಿಗೆ ಆಪರೇಷನ್ ಆಯಿತು. ಹಬ್ಬದ ದಿನ ಆಸ್ಪತ್ರೆಯಲ್ಲಿದ್ದಳು. “ಪೂಜೆ ತಪ್ಪಿಸ್ಬೇಡ ಕಣೋ, ಮನೆಗೆ ಹೋಗಿ ನೀನೇ ಮಾಡ್ಬಿಡು,” ಎಂದು ಫೋನಿನಲ್ಲಿ ಹೇಳಿದಳು. ಕಾರ್ಖಾನೆಯ ಹಿಂದಿನ ಖಾಲಿ ಜಾಗದಲ್ಲಿ ಅರಿಶಿನದಂಥ ಹಳದಿ ಹೂಗಳಿದ್ದವು. ಮುಳ್ಳು ಚುಚ್ಚಿಸಿಕೊಂಡೇ ಚೀಲ ತುಂಬ ಕಿತ್ತು ಒಯ್ದೆ. ಮರುದಿನ ನಿರ್ಮಾಲ್ಯವನ್ನು ಕಸದ ಡಬ್ಬಕ್ಕೆ ಹಾಕಲು ಮನಸ್ಸು ಬರಲಿಲ್ಲ. ದೇವರಿಗೆ ಏರಿಸಿದ್ದನ್ನು ಯಾರೂ ತುಳಿಯಬಾರದೆಂದು ಎಲ್ಲವನ್ನೂ ಬಾಚಿ ಗುಡ್ಡದ ಇಳಿಜಾರಿಗೆ ಸುರಿದೆ.

ಚಳಿಗಾಲದ ಮಳೆ ಕಳೆದಾಗ ಗುಡ್ಡದಲ್ಲಿ ಅದೇ ಮುಳ್ಳುಗಿಡ ಮತ್ತೆ ಎದ್ದಿತ್ತು. ಅಕ್ಕ ಬೋಳುತಲೆಗೆ ಬಟ್ಟೆ ಸುತ್ತಿಕೊಂಡು, ಕುಳಿತು ಕುಳಿತೇ ಕೆಳಗೆ ಜಾರುತ್ತ ಕೀಳತೊಡಗಿದಳು.

“ಬಿಡಕ್ಕಾ, ಡಾಕ್ಟರ್ ಬೈತಾರೆ.”

“ಬಿಟ್ರೆ ಎರಡು ಬೇಸಗೇಲಿ ಗುಡ್ಡಾನೇ ನುಂಗತ್ತೆ. ಆ ಹಕ್ಕಿಗಳನ್ನ ನಿನ್ ಅಪಾರ್ಟ್‌ಮೆಂಟಲ್ಲಿ ಇಟ್ಕೋತೀಯಾ?”

ಇದರ ಹೂ ಹೇಗಿರುತ್ತದೆ ಎಂದು ಕೇಳಿದೆ. ಫೋನಿನಲ್ಲಿ ಫೋಟೊ ತೋರಿಸಿದಳು. ನಾನು ಚೀಲ ತುಂಬ ಕಿತ್ತು ತಂದಿದ್ದ ಅದೇ ಹಳದಿ ಹೂ.

“ಎಷ್ಟು ಚೆನ್ನಾಗಿದೆ ನೋಡೋ,” ಎಂದಳು, ಮಗುವನ್ನು ಹೊಗಳುವವಳಂತೆ. “ಊರೆಲ್ಲಾ ಒಣಗಿರೋವಾಗ ಇದೊಂದೇ ಬೇರು ಆಳಕ್ಕಿಳಿಸ್ಕೊಂಡು ಹೂ ಬಿಡತ್ತೆ. ಮೆಡಿಟರೇನಿಯನ್ ಕಡೇದು. ನಿನ್ ಥರ ವೀಸಾಗೆ ಕಾಯ್ಲಿಲ್ಲ!”

ಅಷ್ಟರಲ್ಲಿ ಪಕ್ಕದ ಮನೆಯ ಹುಲ್ಲು ಕತ್ತರಿಸುವ ಮುದುಕ ಬಂದ. ಅವನ ಮೆಷಿನ್ನಿಗೆ ಅಂಟಿಯೇ ಬೀಜ ಬಂದಿರಬೇಕೆಂದು ಅಕ್ಕ ರೇಗಿದಳು. ಅವನು ಟೋಪಿ ತೆಗೆದು, ಏನೆಂದು ತಿಳಿಯದಿದ್ದರೂ ಕ್ಷಮೆ ಕೇಳಿದ. ನಾನು ಪಕ್ಕದಲ್ಲೇ ನಿಂತು ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಅವಳು ಹಾಸಿಗೆ ಹಿಡಿದ ಮೇಲೆ. ಕೇಳಿ ಅವಳು ನಕ್ಕಳು.

“ಗೊತ್ತಿತ್ತು ಕಣೋ. ಆ ಮುದುಕನ್ನ ಬೈದ್ನಲ್ಲ, ಅವತ್ತೇ ಸಂಜೆ ಗಿಡದ ಬುಡದಲ್ಲಿ ಅಡಿಕೆ ಸಿಕ್ತು. ಈ ಊರಲ್ಲಿ ಗುಡ್ಡಕ್ಕೆ ಅಡಿಕೆ ಇನ್ಯಾರು ಹಾಕ್ತಾರೆ? ಅವನ ಹತ್ರ ನಾನು ಹೋಗಿ ಸಾರಿ ಕೇಳ್ದೆ. ನೀನೂ ಒಂದ್ಸಲ ಹೋಗಿ ಬಾ.”

ಅಷ್ಟು ತಿಂಗಳು ನನಗೆ ಬಡಿಸುತ್ತ, ನನ್ನನ್ನು ಗೇಲಿ ಮಾಡುತ್ತ, ಆ ಮಾತನ್ನು ಹೇಗೆ ನುಂಗಿಕೊಂಡಿದ್ದಳೋ! ಬೆರಗಿನಿಂದ ಅವಳ ಮುಖವನ್ನೇ ನೋಡಿದೆ. ಆ ವಾರವೇ ಹೋಗಿಬಿಟ್ಟಳು.

ಈಗ ಗುಡ್ಡಕ್ಕೆ ನಾನು ಹೋಗುತ್ತೇನೆ. ಪ್ರತಿ ವಸಂತದಲ್ಲೂ ಹೊಸ ಮೊಳಕೆಗಳಿರುತ್ತವೆ. ಕೀಳುತ್ತಿರುವಾಗ ಮೇಲೆ ಮುದುಕನ ಟ್ರಕ್ ನಿಂತ ಸದ್ದಾಗುತ್ತದೆ. ಇಳಿಜಾರು ಹತ್ತಿ ಅವನ ಎದುರು ನಿಲ್ಲುವುದು ಮಾತ್ರ ನನ್ನಿಂದ ಇನ್ನೂ ಆಗಿಲ್ಲ.