ಆರದ ಕೆಂಪು ದೀಪ

ನರ್ಸ್ ಚಿಕ್ಕಬಸಮ್ಮನ ಕೋಪ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಅಂಗಡಿಯವರಿಗೆಲ್ಲ ಗೊತ್ತಿತ್ತು. ಗುರುಪುರದಲ್ಲಿ ಹುಟ್ಟಿ, ಹೆರಿಗೆ ಕೆಲಸ ಕಲಿತು, ಕೋಟೆ ತಾಲ್ಲೂಕಿನ ಕಾಡಂಚಿನ ಆರೋಗ್ಯ ಕೇಂದ್ರಕ್ಕೆ ಬಂದವಳು. ಬಾಣಂತಿಗೆ ನೀರು ಕೊಡದೆ ಒಣಗಿಸುವ ಅತ್ತೆಯರನ್ನು ಅವರ ಜಗಲಿಯ ಮೇಲೆಯೇ ನಿಂತು ಬೈಯುತ್ತಿದ್ದಳು. ಬೈಸಿಕೊಂಡವರೇ ಮುಂದಿನ ಹೆರಿಗೆಗೆ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಬಂದ ಸಿಟ್ಟು ಅಂಥದ್ದಲ್ಲ.

ಕೇಂದ್ರಕ್ಕೆ ಇದ್ದದ್ದು ಒಂದೇ ಜೀಪು. ಅದರ ಸೈಲೆನ್ಸರ್ ತೂತಾಗಿ, ಆದಿವಾಸಿಗಳ ಹಾಡಿಯ ನಾಯಿಗಳೆಲ್ಲ ಅಟ್ಟಿಸಿಕೊಂಡು ಬರುವಷ್ಟು ಸದ್ದು ಮಾಡುತ್ತಿತ್ತು. ಡ್ರೈವರ್ ದೇವರಾಜು ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಸೈಲೆನ್ಸರನ್ನೂ ಹೊಗೆ ಪೈಪನ್ನೂ ಹೊಸದಾಗಿ ಹಾಕಿಸಿಕೊಂಡು ಬಂದ. ಸದ್ದೇನೋ ನಿಂತಿತ್ತು. ಆದರೆ ಊರು ಸೇರುವಷ್ಟರಲ್ಲಿ ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪ ಹೊತ್ತಿಕೊಂಡಿತ್ತು. ಏನು ಮಾಡಿದರೂ ಅದು ಆರಲಿಲ್ಲ.

"ಎಂಜಿನ್‌ಗೆ ಆಯಿಲ್ ಏರ್ತಿಲ್ಲ ಅಂತ ಅದ್ರ ಅರ್ಥ ಕಣಕ್ಕ. ಅಂಗೇ ಓಡ್ಸುದ್ರೆ ಎಂಜಿನ್ ಕಚ್ಕಂಡು ನಿಂತೋಯ್ತದೆ," ಎಂದ ದೇವರಾಜು. ಕೇಂದ್ರದ ಡಾಕ್ಟರೂ ಹೌದೆಂದು ತಲೆಯಾಡಿಸಿದರು. ವರ್ಕ್‌ಶಾಪಿನವರು ಬಂದು ನೋಡುತ್ತೇವೆ ಎಂದರು, ಬರಲಿಲ್ಲ. ಜೀಪು ಹೊಂಗೆ ಮರದ ಕೆಳಗೆ ನಿಂತಿತು. ಚಿಕ್ಕಬಸಮ್ಮ ಚೀಲ ಹೆಗಲಿಗೇರಿಸಿ ಹಾಡಿಗಳಿಗೆ ನಡೆದೇ ಹೋದಳು.

ಒಂದು ಬೆಳಿಗ್ಗೆ ಜೇನುಕುರುಬರ ಹಾಡಿಯ ಕರಿಯ ಏದುಸಿರು ಬಿಡುತ್ತ ಬಂದ. ಹೆಂಡತಿ ಸೋಮಿಗೆ ಹಿಂದಿನ ದಿನವೇ ನೋವು ಶುರುವಾಗಿತ್ತು, ಮಗು ಇನ್ನೂ ಬಂದಿರಲಿಲ್ಲ.

"ಗಾಡಿ ತಗೀರಿ ಸ್ವಾಮಿ," ಎಂದು ದೇವರಾಜುವಿಗೆ ಕೈ ಮುಗಿದ.

ದೇವರಾಜು ತಲೆ ತಗ್ಗಿಸಿದ. "ದೀಪ ಉರೀತಾ ಅದೆ ಕಣಪ್ಪ. ಆಗಕಿಲ್ಲ."

ಚಿಕ್ಕಬಸಮ್ಮ ಕರಿಯನ ಜೊತೆ ಸಿಕ್ಕಿದ ಎತ್ತಿನ ಗಾಡಿಯಲ್ಲಿ ಅರ್ಧ ದಾರಿ, ಉಳಿದದ್ದನ್ನು ಓಡು ನಡಿಗೆಯಲ್ಲಿ ದಾಟಿ ಹೋದಾಗ ಮಗು ಹುಟ್ಟಿಯಾಗಿತ್ತು. ಹೊಕ್ಕುಳ ಬಳ್ಳಿ ಕತ್ತಿಗೆ ಸುತ್ತಿತ್ತು. ಮೈ ಇನ್ನೂ ಬೆಚ್ಚಗಿತ್ತು. ಚಿಕ್ಕಬಸಮ್ಮ ಅದರ ಬಾಯಿಗೆ ಬಾಯಿಟ್ಟು ಊದಿದಳು, ಬೆನ್ನು ತಿಕ್ಕಿದಳು, ಮತ್ತೆ ಊದಿದಳು. ಉಸಿರು ಬರಲಿಲ್ಲ.

ಮರುದಿನ ಅವಳು ವಾಪಸು ಬಂದಾಗ ದೇವರಾಜು ಜೀಪಿನ ನೆರಳಿನಲ್ಲಿ ಬೀಡಿ ಸೇದುತ್ತಿದ್ದ. ಗೋಡೆಯ ಮೊಳೆಯಲ್ಲಿದ್ದ ಜೀಪಿನ ಬೀಗದ ಕೈಯನ್ನು ಕಿತ್ತು ತಂದು ಅವನ ಎದೆಗೆ ಎಸೆದಳು.

"ಏಳ್ಲಾ ಮೇಲೆ! ಒಂದು ದೀಪ ನೋಡ್ಕಂಡು ಒಂದು ಕೂಸು ಸಾಯಿಸ್ಬುಟ್ಟಲ್ಲೋ!"

"ಬಯ್ಯಿ ಅಕ್ಕ," ದೇವರಾಜುವಿನ ದನಿಯೂ ಏರಿತು. "ಮುಂಚೆ ಪಿರಿಯಾಪಟ್ಣದಾಗೆ ಇದ್ದಾಗ ಇಂಗೇ ದೀಪ ಹತ್ಕಂಡಿತ್ತು. ಸಾಹೇಬ್ರು ಓಡ್ಸು ಅಂದ್ರು, ಓಡಿಸ್ದೆ. ಎಂಜಿನ್ ಕಚ್ಕತು. ಓಡ್ಸು ಅಂದೋರು ಚೆನ್ನಾಗವ್ರೆ, ಸಸ್ಪೆಂಡ್ ಆಗಿದ್ದು ನಾನು. ನನ್ ಎಡ್ತಿ ಮಕ್ಳು ಉಪಾಸ ಬಿದ್ದಾಗ ಯಾರು ಬಂದಿದ್ರು?"

ಇದು ಅವಳಿಗೆ ಗೊತ್ತಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಆದರೆ ಅವನನ್ನೇ ಬೈಯಲು ನಾಲಿಗೆ ಏಳಲಿಲ್ಲ. ಹಲ್ಲು ಕಚ್ಚಿಕೊಂಡು, ಬಸುರಿಯರನ್ನು ಕೇಳುವ ಧಾಟಿಯಲ್ಲೇ ಕೇಳಿದಳು.

"ಯಾವಾಗಿಂದ ಇದು?"

"ಪೈಪ್ ಬದಲಾಯ್ಸಿದ ಮೇಲೆ."

"ಅದಕ್ ಮುಂಚೆ?"

"ಇರ್ಲಿಲ್ಲ. ಆಯಿಲ್ಲೂ ಭರ್ತಿ ಅದೆ."

"ಮತ್ತೆ ಆ ಪೈಪ್ ಹತ್ರ ಬಗ್ಗಿ ನೋಡಿದ್ದೀಯಾ?"

"ಪೈಪ್‌ಗೂ ಆಯಿಲ್‌ಗೂ ಏನಕ್ಕ ಸಂಬಂಧ?"

"ನಂಗೇನ್ ಗೊತ್ತು? ನೀನು ಡ್ರೈವರ್ರು. ದೀಪದ ವೈರು ಎಲ್ಲಿಗೆ ಹೋಗ್ತದೋ ಅಲ್ಲೀಗಂಟ ನೋಡು. ನೋಡೋತಂಕ ನಾನು ಇಲ್ಲಿಂದ ಕದಲಕಿಲ್ಲ."

ದೇವರಾಜು ಬಾನೆಟ್ ಎತ್ತಿದ. ಆಯಿಲ್ ಏರಿದೆಯೋ ಇಲ್ಲವೋ ಎಂದು ದೀಪಕ್ಕೆ ತಿಳಿಸುವ ಸ್ವಿಚ್ಚು ಎಂಜಿನ್ನಿನ ಪಕ್ಕದಲ್ಲಿತ್ತು. ಅದರ ವೈರನ್ನು ಕಿತ್ತು ಬೀಗದ ಕೈ ತಿರುಗಿಸಿದ. ಈಗ ದೀಪ ಆರಿರಬೇಕಿತ್ತು. ಆರಿರಲಿಲ್ಲ. ಅಂದರೆ ತಪ್ಪು ಇದ್ದದ್ದು ವೈರಿನಲ್ಲೇ. ವೈರು ಹಿಡಿದು ಬೆರಳಾಡಿಸುತ್ತ ಹೋದ. ಹೊಸ ಪೈಪು ಬಾಗುವ ಕಡೆ ವೈರು ಅದಕ್ಕೆ ಒತ್ತಿಕೊಂಡಿತ್ತು. ಕಾವಿಗೆ ಮೇಲಿನ ರಬ್ಬರು ಕರಗಿ, ತಾಮ್ರ ಬರಿದಾಗಿ ಪೈಪಿಗೆ ತಾಗಿ ದೀಪ ಹೊತ್ತಿಸುತ್ತಿತ್ತು.

ಎಂಜಿನ್ನಿಗೆ ಏನೂ ಆಗಿರಲಿಲ್ಲ. ವರ್ಕ್‌ಶಾಪಿನವರು ಪೈಪು ಕೂರಿಸುವಾಗ ವೈರನ್ನು ಪಕ್ಕಕ್ಕೆ ಸರಿಸಿರಲಿಲ್ಲ, ಅಷ್ಟೇ. ದೇವರಾಜು ಟೇಪು ಸುತ್ತಿ, ವೈರನ್ನು ದೂರಕ್ಕೆ ಎಳೆದು ಕಟ್ಟಿ, ಮತ್ತೆ ಸಿಕ್ಕಿಸಿ ಸ್ಟಾರ್ಟ್ ಮಾಡಿದ. ದೀಪ ಆರಿತು.

"ಇಷ್ಟೇನಾ!" ಎಂದು ನಗಲು ಹೋದ.

"ನಗಬ್ಯಾಡ," ಎಂದಳು ಚಿಕ್ಕಬಸಮ್ಮ. "ಹಾಡಿಗೆ ನಡಿ. ಸೋಮಿನ ನೋಡ್ಬೇಕು."

ಹಾಡಿ ಶುರುವಾಗುವಲ್ಲಿ ಕರಿಯ ಜೀಪಿಗೆ ಅಡ್ಡ ನಿಂತ. "ಇವತ್ತು ಯಾಕ್ ತಂದ್ರಿ?" ಎಂದವನೇ ಬೊಗಸೆ ಮಣ್ಣು ಬಾಚಿ ಗಾಜಿಗೆ ಎರಚಿದ. ದೇವರಾಜು ಕೆಳಗಿಳಿದು, "ಎದ್ರುಕಂಡೆ ಕಣಪ್ಪ, ತಪ್ಪಾಯ್ತು," ಎಂದ. ಕರಿಯ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಗುಡಿಸಲಿನೊಳಗೆ ಸೋಮಿಯ ಮೈ ಜ್ವರದಿಂದ ಕೆಂಡವಾಗಿತ್ತು. "ಬಯ್ಯೋದಿದ್ರೆ ಆಮೇಲೆ ಬಯ್ಯಿ ಕರಿಯ, ನಾನೂ ಸೇರ್ಕತೀನಿ. ಈಗ ಇವಳನ್ನ ಎತ್ಕೊ," ಎಂದಳು ಚಿಕ್ಕಬಸಮ್ಮ.

ಮೈಸೂರಿನ ಆಸ್ಪತ್ರೆಯಲ್ಲಿ ಸೋಮಿ ಬದುಕಿಕೊಂಡಳು. ಅವಳನ್ನು ಸೇರಿಸಿ ಹೊರಬಂದ ಚಿಕ್ಕಬಸಮ್ಮ ಜೀಪನ್ನು ನೇರ ಆ ವರ್ಕ್‌ಶಾಪಿಗೆ ಬಿಡಿಸಿದಳು. ಗಿರಾಕಿಗಳೆಲ್ಲರ ಮುಂದೆ ಮಾಲೀಕನನ್ನು ಬಾನೆಟ್ಟಿನ ಹತ್ತಿರ ಕರೆದು, ಟೇಪು ಸುತ್ತಿದ ಜಾಗದ ಮೇಲೆ ಅವನ ಬೆರಳಿಡಿಸಿ, ಸತ್ತ ಮಗು ಗಂಡೋ ಹೆಣ್ಣೋ ಎಂಬುದರಿಂದ ಹೇಳಲು ಶುರುಮಾಡಿದಳು. ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.