ತಾಟಿನ ತುದಿಯ ಉಪ್ಪು

ಉಪ್ಪಲ್ ಬಡಾವಣೆಯಲ್ಲಿ ಐಟಿ ಕಟ್ಟಡಗಳು ಏಳುತ್ತಿದ್ದ ದಿನಗಳವು. ಹೃದ್ರೋಗಿಗಳ ಮನೆಗೆ ಹೋಗಿ ಕಡಿಮೆ ಉಪ್ಪಿನ ರುಚಿಯಾದ ಅಡುಗೆ ಕಲಿಸುವುದು ನನ್ನ ಕೆಲಸ. ಬೀದರ್ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಶಾಂತಮ್ಮನವರಿಗೆ ದಿನದ ಉಪ್ಪನ್ನು ತೂಗಿ ಡಬ್ಬಿಯಲ್ಲಿಟ್ಟು, ಬೇಳೆಗೆ ಹುರಿದ ಬೆಳ್ಳುಳ್ಳಿ, ಜೀರಿಗೆ, ನಿಂಬೆರಸ ಹಾಕಲು ಹೇಳಿಕೊಟ್ಟಿದ್ದೆ. ವಾರ ಕಳೆದರೂ ಹೃದ್ರೋಗಿಯಾಗಿದ್ದ ಅವರ ಯಜಮಾನರ ಕಾಲಿನ ಬಾವು ಇಳಿಯಲಿಲ್ಲ.

ಒಂದು ದಿನ ಊಟದ ಹೊತ್ತಿಗೇ ಹೋದೆ. ಶಾಂತಮ್ಮ ಬೇರೊಂದು ಭರಣಿಯಿಂದ ತಾಟಿನ ತುದಿಗೆ ಮೊದಲು ಉಪ್ಪು ಬಡಿಸಿದರು.

"ಇದ್ಯಾಕ್ರೀ ಅಮ್ಮಾ?"

"ಉಪ್ಪಿಲ್ಲದ ತಾಟು ಸತ್ತವರಿಗೆ ಇಡೋದವ್ವಾ. ಇವರಿನ್ನಾ ಅದಾರ."

ಮರುದಿನ ಬೇಳೆಗೆ ಉಪ್ಪೇ ಹಾಕಿಸದೆ, ಭರಣಿಯ ಬದಲು ಡಬ್ಬಿಯಲ್ಲಿ ತೂಗಿಟ್ಟಿದ್ದರಲ್ಲೇ ಒಂದು ಚಿಟಿಕೆ ತಾಟಿಗೆ ಇಡಿಸಿದೆ. ಕೆಲವು ದಿನಗಳಲ್ಲಿ ಬಾವು ಇಳಿಯಿತು.

"ಈಗ ಬ್ಯಾಳ್ಯಾಗ ಉಪ್ಪು ಬರೋಬ್ಬರಿ ಬಿದ್ದೈತಿ ನೋಡವಾ" ಎಂದು ಯಜಮಾನರು ಹೊಗಳಿದರು. ಶಾಂತಮ್ಮ ನನ್ನತ್ತ ನೋಡಿ ನಕ್ಕು, ಅವರ ತಾಟಿಗೆ ಇನ್ನೊಂದು ಸೌಟು ಬೇಳೆ ಬಡಿಸಿದರು.