ಅಕ್ಕನ ಕುರ್ಚಿಯ ಪ್ಲಾಸ್ಟಿಕ್ ಹಾಳೆ

ಹಳಿಯಾಳದ ಸಭಾಭವನವೊಂದರಲ್ಲಿ ನನ್ನ ಅಕ್ಕನಿಗೆ ಗಾಲಿಕುರ್ಚಿಯನ್ನು ದಯಪಾಲಿಸಲಾಯಿತು. ಬರೀ ‘ಕೊಟ್ಟರು’ ಎಂದರೆ ಆ ಸಮಾರಂಭಕ್ಕೆ ಅವಮಾನ. ಅಕ್ಕನನ್ನು ಕೂರಿಸಿದ್ದೇ ತಡ, ಹಿಡಿಕೆಗೆ ಗಣ್ಯರ ಕೈಗಳು ಮುತ್ತಿದವು. ಫೋಟೊದಲ್ಲಿ ಹೂಮಾಲೆ ಚೆನ್ನಾಗಿ ಬಂದಿದೆ, ಅಕ್ಕ ಅಷ್ಟಾಗಿ ಬಂದಿಲ್ಲ. ಭಾಷಣಗಳಿಗೆ ಬರವಿರಲಿಲ್ಲ. ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬೇಕು, ಕೆಳಗೇನು ಹಾಸಬೇಕು ಎಂಬ ಕ್ಷುಲ್ಲಕ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ.

ಬಣವೆಯಿಂದ ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ತಿಳಿಯದಂತಾದ ಮೇಲೆ ಅಕ್ಕನಿಗೆ ಉಳಿದದ್ದು ಒಂದೇ ಹಟ: ಮಾತುಮಾತಿಗೆ ಸೊಸೆಯನ್ನು ಕೂಗಬಾರದು. ಕುರ್ಚಿ ಬಂದ ಮರುದಿನ ತಾನೇ ಬಚ್ಚಲಿಗೆ ಹೋಗಿ ಮುಖ ತೊಳೆದಳಂತೆ. ತೇರಗಾಂವದ ಅವಳ ಓಣಿಗೆಲ್ಲ ಸುದ್ದಿಯಾಯಿತು.

ಭಾನುವಾರ ನಾನು ದಾಂಡೇಲಿಯಿಂದ ಹೋದಾಗ ಸೀಟಿನ ಪ್ಲಾಸ್ಟಿಕ್ ಹಾಗೇ ಇತ್ತು.

“ಅಕ್ಕಾ, ಈ ಹಾಳಿ ತಗದ ಒಗೀಲೇನ?”

“ಕೈ ಹಚ್ಚಿ ನೋಡು! ಕೊಟ್ಟಾವ್ರು ನೋಡಾಕ ಬಂದ್ರ ಹೊಲಸ ಮಾಡ್ಯಾಳ ಅಂತಾರ.”

“ಬರ್ತಾರ ಬಿಡ್ರಿ ಅತ್ತಿ, ಗಾಲಿ ಒರಸಾಕ,” ಎಂದಳು ಸೊಸೆ.

“ನಿನ್ನ ತವರಿನವ್ರು ಕೊಟ್ಟಿದ್ದಲ್ಲ, ಸುಮ್ನಿರು.”

ನನಗೂ ಅಕ್ಕನ ಮಾತೇ ಸರಿಯೆನಿಸಿತು. ಹೊಸ ವಸ್ತುವಿನ ಮಾನ ಕಾಯುವ ಮನೆತನ ನಮ್ಮದು, ನನ್ನ ಟಿ.ವಿ. ರಿಮೋಟು ಇಂದಿಗೂ ಹೊರಗಿನ ಗಾಳಿ ಕಂಡಿಲ್ಲ.

ಇಳಿದರೆ ಮತ್ತೆ ಹತ್ತಿಸಲು ಸೊಸೆಯೇ ಬೇಕು. ಹಾಗಾಗಿ ಅಕ್ಕ ಇಳಿಯುವುದನ್ನೇ ಬಿಟ್ಟಳು. ಬೇಸಿಗೆ ಬಂತು, ಹಾಳೆಯ ಮೇಲೆ ಬೆವರು ನಿಂತಿತು. ನೋವು ತಿಳಿಯಬೇಕಾದ ಜಾಗಕ್ಕೆ ತಿಳಿವೇ ಇರಲಿಲ್ಲ. ಮೊದಲು ತಿಳಿದದ್ದು ಸೊಸೆಯ ಮೂಗಿಗೆ. ಸೀರೆ ಬದಲಿಸುವಾಗ ನೋಡಿದರೆ, ಹುಣ್ಣು ಎಲುಬಿಗೆ ಇಳಿದಿತ್ತು.

“ಬೋರಲ ಮಲಗಸ್ರಿ. ಇನ್ನ ಕುರ್ಚಿ ಬ್ಯಾಡ,” ಎಂದರು ಹುಬ್ಬಳ್ಳಿಯ ಡಾಕ್ಟರು.

“ಎಷ್ಟ ದಿನಾ ರೀ?” ಎಂದೆ.

ಅವರು ಕೈ ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು.

ಮಳೆಗಾಲ ಮುಗಿದರೂ ಹುಣ್ಣು ಮಾಯಲಿಲ್ಲ. ಹೋದ ವಾರ ಹೋದಾಗ ಅಕ್ಕ ಬೋರಲಾಗಿ, ಮುಖ ಗೋಡೆಗೆ ಮಾಡಿ ಮಲಗಿದ್ದಳು. ತುಟಿ ಒಣಗಿ ಬಿರಿದಿತ್ತು. ತಂಬಿಗೆ ಹಿಡಿದೆ.

“ಬ್ಯಾಡ.”

“ಯಾಕಬೇ? ಒಂದ ಗುಟುಕ ಕುಡಿ.”

“ಕುಡದ್ರ ಮತ್ತ ಸೊಸೀನ್ನ ಕರೀಬೇಕಾಗ್ತೈತಿ,” ಎಂದಳು.